ಮನೆ ಹುಡುಕುತ್ತ ಕಾಣೆಯಾಗುವವರು

ಮರೆವಿನ ಕಾಯಿಲೆ ಇರುವ ಹಿರಿಯರ ಮನೆಯವರಿಗಾಗಿ ಬ್ರಿಟನ್ನಿನ ಪೊಲೀಸರು ಒಂದು ಅರ್ಜಿ ನಮೂನೆ ಸಿದ್ಧಪಡಿಸಿದ್ದಾರೆ. ಅದರ ಹೆಸರು ‘ಹರ್ಬರ್ಟ್ ಪ್ರೋಟೋಕಾಲ್’. ಹಿರಿಯರು ಮನೆಯಲ್ಲಿ ಕ್ಷೇಮವಾಗಿರುವಾಗಲೇ ಇದನ್ನು ತುಂಬಿಟ್ಟುಕೊಳ್ಳಬೇಕು. ಅವರು ಕಾಣೆಯಾದ ದಿನ ತಡಮಾಡದೆ ಪೊಲೀಸರ ಕೈಗೆ ಕೊಡಬೇಕು. ಚಹರೆ, ಔಷಧಿಗಳ ವಿವರದ ಜೊತೆಗೆ ಅದರಲ್ಲಿ ಇನ್ನೂ ಕೆಲವು ಪ್ರಶ್ನೆಗಳಿವೆ. ಇವರು ಹಿಂದೆ ಎಲ್ಲಿ ವಾಸವಾಗಿದ್ದರು? ಎಲ್ಲಿ ಕೆಲಸ ಮಾಡುತ್ತಿದ್ದರು? ಅವರಿಗೆ ಇಷ್ಟವಾದ ಜಾಗಗಳು ಯಾವುವು?

ಕಾಣೆಯಾದವರನ್ನು ಹುಡುಕಲು ಈ ಹಳೆಯ ಕಥೆಯೆಲ್ಲ ಏಕೆ? ಉತ್ತರ ಆ ಹೆಸರಿನಲ್ಲೇ ಇದೆ. ಜಾರ್ಜ್ ಹರ್ಬರ್ಟ್ ಎರಡನೆಯ ಮಹಾಯುದ್ಧದಲ್ಲಿ ನಾರ್ಮಂಡಿ ದಾಳಿಯಲ್ಲಿ ಪಾಲ್ಗೊಂಡಿದ್ದ ಯೋಧ. ಮುಪ್ಪಿನಲ್ಲಿ ಮರೆವಿನ ಕಾಯಿಲೆ ಬಂತು. ತಾವಿದ್ದ ಆರೈಕೆ ಕೇಂದ್ರದಿಂದ ಹಲವು ಸಲ ಹೊರಟುಹೋದರು. ಕೊನೆಯ ಸಲ ಜೀವಂತ ಮರಳಲಿಲ್ಲ. ಅವರು ಹುಡುಕುತ್ತಿದ್ದುದು ತಮ್ಮ ಬಾಲ್ಯದ ಮನೆಯನ್ನು.

ಹರ್ಬರ್ಟ್ ಅವರ ಮನೆಯಾದರೂ ಅದೇ ದೇಶದಲ್ಲಿತ್ತು. ಹುಡುಕುವ ಮನೆ ಸಮುದ್ರದಾಚೆ ಇದ್ದರೆ?

ಎರಡು ಸಲ ಮನೆ ಬಿಟ್ಟವರು

1972ರ ಆಗಸ್ಟ್‌ನಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್, ಏಷ್ಯಾ ಮೂಲದವರು 90 ದಿನಗಳಲ್ಲಿ ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದ. ಸುಮಾರು 28,000 ಮಂದಿ ಬ್ರಿಟನ್ನಿಗೆ ಬಂದರು. ಅವರಲ್ಲಿ ಗುಜರಾತಿಗಳೇ ಹೆಚ್ಚು. ‘ನಮ್ಮೂರಿಗೆ ಬರಬೇಡಿ’ ಎಂದು ಲೆಸ್ಟರ್ ನಗರಸಭೆ ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತನ್ನೇ ಕೊಟ್ಟಿತ್ತು. ಆದರೂ ಸಾವಿರಾರು ಜನ ಅಲ್ಲಿಗೇ ಬಂದು ನೆಲೆಸಿದರು, ದುಡಿದರು, ಮಕ್ಕಳನ್ನು ಓದಿಸಿದರು. ಅಂದು ಮೂವತ್ತು ದಾಟಿದ್ದವರಿಗೆ ಇಂದು ಎಂಬತ್ತು ದಾಟಿದೆ.

ಇಂಥವರಲ್ಲಿ ಒಬ್ಬರಿಗೆ ಮರೆವು ಬಂದು, ‘ನಾನು ಮನೆಗೆ ಹೋಗಬೇಕು’ ಎಂದು ಹೊರಟರೆ ಅದು ಯಾವ ಮನೆ? ಕಂಪಾಲದ ಮನೆಯೋ, ಗುಜರಾತಿನ ಹಳ್ಳಿಯ ಮನೆಯೋ? ಐವತ್ತು ವರ್ಷ ಬಾಳಿದ ಲೆಸ್ಟರ್‌ನ ಮನೆ ಮಾತ್ರ ಅವರ ಪಾಲಿಗೆ ಪರರ ಮನೆಯಾಗಿರುತ್ತದೆ. ಈ ಕಾಯಿಲೆಯಲ್ಲಿ ಇತ್ತೀಚಿನ ನೆನಪುಗಳು ಮೊದಲು ಅಳಿಸುತ್ತವೆ. ಎಳವೆಯ ನೆನಪುಗಳು ಬಹುಕಾಲ ಉಳಿಯುತ್ತವೆ. ಭಾಷೆಯ ವಿಷಯದಲ್ಲೂ ಅಷ್ಟೆ. ಆಮೇಲೆ ಕಲಿತ ಇಂಗ್ಲಿಷ್ ಜಾರಿಹೋಗಿ, ತಾಯಿನುಡಿಯೊಂದೇ ಉಳಿಯುವುದುಂಟು. ಆಗ ದಾರಿ ತಪ್ಪಿದವರನ್ನು ಯಾರಾದರೂ ನಿಲ್ಲಿಸಿ ವಿಚಾರಿಸಿದರೂ ಹೆಸರು, ವಿಳಾಸ ಹೇಳಲಾಗುವುದಿಲ್ಲ.

2013ರಲ್ಲಿ ಬ್ರಿಟನ್ನಿನ ಸರ್ವಪಕ್ಷ ಸಂಸದೀಯ ಗುಂಪೊಂದು ಈ ಬಗ್ಗೆ ವರದಿ ಕೊಟ್ಟಿತು. ಅಲ್ಪಸಂಖ್ಯಾತ ಜನಾಂಗಗಳಲ್ಲಿ ಆಗ ಸುಮಾರು 25,000 ಮಂದಿಗೆ ಈ ಕಾಯಿಲೆ ಇತ್ತು. 2026ರ ವೇಳೆಗೆ ಇದು ಇಮ್ಮಡಿಯಾಗುತ್ತದೆಂದು ಅಂದಾಜು. ಆದರೆ ಈ ಕುಟುಂಬಗಳು ವೈದ್ಯರ ಬಳಿ ಹೋಗುವುದೇ ತಡ. ‘ವಯಸ್ಸಾಯಿತು, ಅದಕ್ಕೇ ಹೀಗೆ’ ಎಂದುಕೊಳ್ಳುವುದು ರೂಢಿ. ನಮ್ಮಲ್ಲೂ ‘ಅರವತ್ತಕ್ಕೆ ಅರಳುಮರಳು’ ಎಂದು ಸುಮ್ಮನಾಗುವವರು ಎಷ್ಟು ಮಂದಿ!

ಇತ್ತ ಸಾವೂ ಅಲ್ಲ, ಅತ್ತ ಬದುಕೂ ಅಲ್ಲ

ಮರೆವಿನವರು ಬಹಳ ದೂರ ಹೋಗುವುದು ಕಡಿಮೆ. ಎಲ್ಲೋ ಪೊದೆಯಲ್ಲಿ, ಹಳ್ಳದಲ್ಲಿ ಸಿಕ್ಕಿಕೊಳ್ಳುವವರೆಗೆ ನಡೆಯುತ್ತಲೇ ಇರುತ್ತಾರೆ. ಹೆಸರು ಹಿಡಿದು ಕೂಗಿದರೂ ಓಗೊಡದೆ ಇರಬಹುದು. ಆದ್ದರಿಂದಲೇ ಹತ್ತು ಹೆಜ್ಜೆ ಪಕ್ಕದಲ್ಲಿದ್ದರೂ ಹುಡುಕುವವರ ಕಣ್ಣಿಗೆ ಬೀಳದಿರುವುದುಂಟು. 24 ಗಂಟೆಯೊಳಗೆ ಸಿಗದಿದ್ದರೆ ಅರ್ಧದಷ್ಟು ಮಂದಿಗೆ ತೀವ್ರ ಗಾಯ ಅಥವಾ ಸಾವಿನ ಅಪಾಯವಿದೆ ಎಂದು ಅಮೆರಿಕದ ಆಲ್‌ಝೈಮರ್ಸ್ ಅಸೋಸಿಯೇಷನ್ ಎಚ್ಚರಿಸುತ್ತದೆ.

ಎಂದೂ ಸಿಗದಿದ್ದರೆ? ಅಮೆರಿಕದ ವಿದ್ವಾಂಸೆ ಪಾಲಿನ್ ಬಾಸ್ ಇಂಥ ಮನೆಗಳ ನೋವನ್ನು ‘ಅಸ್ಪಷ್ಟ ಅಗಲಿಕೆ’ ಎಂದು ಗುರುತಿಸಿದರು. ಅದರಲ್ಲಿ ಎರಡು ಬಗೆ. ಕಾಣೆಯಾದವರು ಕಣ್ಣೆದುರು ಇರುವುದಿಲ್ಲ, ಮನಸ್ಸಿನಲ್ಲಿರುತ್ತಾರೆ. ಮರೆವಿನವರು ಕಣ್ಣೆದುರೇ ಇರುತ್ತಾರೆ, ಆದರೆ ನಮ್ಮವರಾಗಿ ಉಳಿದಿರುವುದಿಲ್ಲ. ಮರೆವಿನ ಹಿರಿಯರು ಕಾಣೆಯಾದ ಮನೆಗೆ ಈ ಎರಡೂ ಒಂದರ ಮೇಲೊಂದು ಬಂದೆರಗುತ್ತವೆ. ಅಂತ್ಯಕ್ರಿಯೆ ಮಾಡುವಂತಿಲ್ಲ, ತಿಥಿಗೆ ದಿನ ಗೊತ್ತಿಲ್ಲ. ಏಳು ವರ್ಷ ಸುಳಿವಿಲ್ಲದವರನ್ನು ಮೃತರೆಂದು ಭಾವಿಸಲು ನಮ್ಮ ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ. ಇಂಗ್ಲೆಂಡಿನಲ್ಲೂ 2013ರ ಕಾಯ್ದೆಯಲ್ಲಿ ಇದೇ ಅವಧಿಯಿದೆ. ಆಸ್ತಿಪಾಸ್ತಿಯ ತೊಡಕು ಇದರಿಂದ ಬಿಡಿಸೀತು. ಮನಸ್ಸಿನ ತೊಡಕು?

ನೀವು ಮಾಡಬಹುದಾದದ್ದು

ಇದು ದೂರದ ಲೆಸ್ಟರ್‌ನ ಮಾತು ಮಾತ್ರವಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ಅಜ್ಜಿ, ಹೊಲ ಮಾರಿ ಬೆಂಗಳೂರಿನ ಮಗನ ಫ್ಲ್ಯಾಟಿಗೆ ಬಂದ ಅಜ್ಜ – ಇವರೂ ವಲಸೆ ಬಂದವರೇ.

ಪೋಷಕರೇ, ಮರೆವಿನ ಲಕ್ಷಣ ಕಂಡರೆ ವೈದ್ಯರಿಗೆ ತೋರಿಸಿ. ಇತ್ತೀಚಿನ ಫೋಟೋ ಇಟ್ಟುಕೊಳ್ಳಿ. ಹೆಸರು, ಫೋನ್ ನಂಬರನ್ನು ಅವರ ಜೇಬಿನಲ್ಲಿಡಿ, ಉಡುಪಿನ ಒಳಗೂ ಹೊಲಿಯಿರಿ. ಹಿರಿಯರು ಕಾಣದಿದ್ದರೆ ಒಂದು ದಿನ ಕಾಯಬೇಕೆಂಬ ನಿಯಮ ಎಲ್ಲೂ ಇಲ್ಲ. ತಕ್ಷಣ ಪೊಲೀಸರಿಗೆ ತಿಳಿಸಿ. ಹಿರಿಯರ ನೆರವಿಗೆಂದೇ 2021ರಲ್ಲಿ ದೇಶದಾದ್ಯಂತ ಆರಂಭವಾದ 14567 ಸಹಾಯವಾಣಿಯೂ ಇದೆ.

ವಿದ್ಯಾರ್ಥಿಗಳೇ, ದಾರಿಯಲ್ಲಿ ದಿಕ್ಕು ತೋಚದೆ ನಿಂತ ಹಿರಿಯರನ್ನು ಕಂಡರೆ ಗದರಬೇಡಿ, ಸುತ್ತ ಗುಂಪು ಸೇರಬೇಡಿ. ಅವರ ಭಾಷೆ ಬಲ್ಲವರೊಬ್ಬರನ್ನು ಕರೆತನ್ನಿ. ಪೊಲೀಸರು ಬರುವವರೆಗೆ ಜೊತೆಗಿರಿ.

ಇನ್ನೊಂದು ಕೆಲಸವೂ ನಿಮ್ಮದೇ. ಅಜ್ಜ ಹುಟ್ಟಿದ ಊರು, ಈಜಿದ ಕೆರೆ, ಕಲಿತ ಶಾಲೆ, ಮೊದಲ ಸಂಬಳ ಪಡೆದ ಅಂಗಡಿ – ಇವನ್ನೆಲ್ಲ ಈ ರಜೆಯಲ್ಲಿ ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದು ಮನೆತನದ ಚರಿತ್ರೆಯಾಗಿ ಉಳಿಯುತ್ತದೆ. ಅವರು ದಾರಿ ತಪ್ಪಿದ ದಿನ, ಯಾವ ದಿಕ್ಕಿನಲ್ಲಿ ಮೊದಲು ಹುಡುಕಬೇಕೆಂದು ಹೇಳಬಲ್ಲದ್ದೂ ಅದೇ.