ಮಾಸ್: ಕಡತದಲ್ಲಿ ಕಾಣದ ಕಡಲ ಊಟ

ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲವೂ ನನ್ನ ಮೇಜಿಗೆ ಬರುತ್ತಿದ್ದ ಕಡತಗಳಲ್ಲಿ ಮೀನೆಂದರೆ ಟನ್ನುಗಳ ಲೆಕ್ಕವಷ್ಟೇ. ಆ ಮೀನು ಯಾರ ಒಲೆಯ ಮೇಲೆ ಹೇಗೆ ಬೇಯುತ್ತದೆಂಬ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ. ಆ ಲೆಕ್ಕ ಎಷ್ಟು ಅಪೂರ್ಣವೆಂಬುದಕ್ಕೆ ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್ ಸಾಕ್ಷಿ.

ಲಕ್ಷದ್ವೀಪ ನಮಗೆ ತೀರ ಹೊರಗಿನದಲ್ಲ. ಅಮಿನಿ, ಕಡಮತ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಿನಿಕಾಯ್ ಮಾತ್ರ ನುಡಿಯಲ್ಲಿಯೂ ಊಟದಲ್ಲಿಯೂ ಮಾಲ್ದೀವ್ಸಿಗೆ ಹತ್ತಿರ. ಅಲ್ಲಿನ ಅಡುಗೆಯ ಜೀವಾಳ ಟ್ಯೂನಾ ಮೀನಿನ ‘ಮಾಸ್’. ಮೀನನ್ನು ಸೀಳಿ ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆಯಲ್ಲಿ ಹದಗೊಳಿಸಿ, ಕಟ್ಟಿಗೆಯಂತೆ ಗಟ್ಟಿಯಾಗುವವರೆಗೆ ಬಿಸಿಲಿನಲ್ಲಿ ಒಣಗಿಸುತ್ತಾರೆ. ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಕುಟ್ಟಿ ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಬೆರೆಸಿದರೆ ರೊಟ್ಟಿಗೆ ಸೊಗಸಾದ ಜೊತೆ. ಮೀನು ಬೆಂದ ನೀರನ್ನೂ ಚೆಲ್ಲುವುದಿಲ್ಲ. ತಿಳಿಯಾಗಿದ್ದರೆ ಅನ್ನಕ್ಕೆ ಸಾರು, ಗಂಟೆಗಟ್ಟಲೆ ಬತ್ತಿಸಿದರೆ ಕಂದು ಬಣ್ಣದ ಗೊಜ್ಜು ‘ರಿಹಾಕುರು’.

ಮಂಜುಗಡ್ಡೆ, ವಿದ್ಯುತ್ತು ಯಾವುದೂ ಇಲ್ಲದ ಕಾಲದಲ್ಲಿ, ಮಳೆಗಾಲದ ಬಿರುಗಡಲು ದೋಣಿಗಳನ್ನು ದಡದಲ್ಲೇ ಕಟ್ಟಿಹಾಕಿದಾಗ, ಮನೆಯನ್ನು ಕಾಯುತ್ತಿದ್ದುದು ಇದೇ ಉಳಿತಾಯ. ಮಾಲ್ದೀವ್ಸಿನ ಒಣಮೀನು ಭಾರತ, ಚೀನಾ, ಯೆಮನ್‌ಗಳಿಗೆ ಹೋಗುತ್ತಿದ್ದುದನ್ನು 14ನೇ ಶತಮಾನದ ಯಾತ್ರಿಕ ಇಬ್ನ್ ಬತೂತ ದಾಖಲಿಸಿದ್ದಾನೆ.

ಈ ಊಟ ಶುರುವಾಗುವುದು ಒಲೆಯಲ್ಲಲ್ಲ, ಹವಳದ ದಿಬ್ಬದಲ್ಲಿ. ದ್ವೀಪವನ್ನು ಬಳಸಿರುವ ತಿಳಿನೀರಿನಿಂದ ಚಿಕ್ಕ ಮೀನುಗಳನ್ನು ಜೀವಂತ ಹಿಡಿದು, ಆಳಗಡಲಲ್ಲಿ ಚೆಲ್ಲಿ ಟ್ಯೂನಾ ಹಿಂಡನ್ನು ಸೆಳೆಯುತ್ತಾರೆ. ಬಳಿಕ ಗಳುವಿನ ಗಾಳದಿಂದ ಒಂದೊಂದಾಗಿ ಎತ್ತುತ್ತಾರೆ. ಬಲೆ ಬೀಸಿ ಸಿಕ್ಕಿದ್ದನ್ನೆಲ್ಲ ಬಾಚುವ ಮಾತೇ ಇಲ್ಲ. ಆ ಚಿಕ್ಕ ಮೀನುಗಳಲ್ಲಿ ಹಲವಕ್ಕೆ ಹವಳವೇ ಆಸರೆ. ಕಡಲು ಕಾದು 1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡವು. 2024ರಲ್ಲಿಯೂ ಅದೇ ಆಯಿತು. ಹವಳ ಸತ್ತರೆ ಚಿಕ್ಕ ಮೀನಿಲ್ಲ, ಅದಿಲ್ಲದೆ ಗಾಳವಿಲ್ಲ, ಗಾಳವಿಲ್ಲದೆ ಮಾಸ್ ಇಲ್ಲ.

ದ್ವೀಪಗಳ ಅಭಿವೃದ್ಧಿಯೆಂದರೆ ದೊಡ್ಡ ದೋಣಿ, ಶೀತಲೀಕರಣ, ಪ್ರವಾಸಿ ತಂಗುದಾಣ ಎಂಬುದು ನಮಗೆ ರೂಢಿಯಾಗಿದೆ. ಅವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಯೋಜನೆಯ ಆದಾಯ-ವೆಚ್ಚದ ಪಟ್ಟಿಯಲ್ಲಿ ಹವಳದ ದಿಬ್ಬವನ್ನು ಬಂಡವಾಳವೆಂದೂ ಮಾಸ್ ತಯಾರಿಕೆಯ ಜ್ಞಾನವನ್ನು ಆಸ್ತಿಯೆಂದೂ ಬರೆಯಬೇಕು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನಾನು ಈ ಪಾಠವನ್ನು ತಡವಾಗಿ ಕಲಿತೆ. ಆಡಳಿತ ಅಷ್ಟು ತಡಮಾಡಬಾರದು.