ರೆಕ್ಕೆ ಕೊಳ್ಳುವ ಮೊದಲು ತೂಕ ನೋಡಿ

ದುಬೈಯ ಕೈಟ್ ಬೀಚಿಗೆ ಗಾಳಿ ಇರುವ ಸಂಜೆ ಹೋದವರಿಗೆ ಈ ನೋಟ ಹೊಸತಲ್ಲ. ಗಾಳಿ ತುಂಬಿದ ರೆಕ್ಕೆಯೊಂದನ್ನು ಕೈಯಲ್ಲಿ ಹಿಡಿದವನು ಹಲಗೆಯ ಮೇಲೆ ನಿಂತು ಹೋಗುತ್ತಿರುತ್ತಾನೆ. ಆದರೆ ಹಲಗೆ ನೀರಿಗೆ ತಾಗುವುದೇ ಇಲ್ಲ. ಒಂದೆರಡು ಅಡಿ ಮೇಲೆ, ಸದ್ದಿಲ್ಲದೆ ಸಾಗುತ್ತದೆ. ಅವನನ್ನು ಎತ್ತಿ ಹಿಡಿದಿರುವುದು ನೀರಿನಡಿಯಲ್ಲಿರುವ ಹೈಡ್ರೋಫಾಯಿಲ್.

ಗಲ್ಫ್‌ನಲ್ಲಿ ದುಡಿಯುವ ನಮ್ಮ ಹುಡುಗರು ಇದನ್ನು ಕಣ್ಣಾರೆ ನೋಡುತ್ತಾರೆ. ಊರಿನಲ್ಲಿ ಪಣಂಬೂರು, ತಣ್ಣೀರುಬಾವಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿಯುವ ಮಕ್ಕಳು ಮೊಬೈಲ್‌ನಲ್ಲಿ ನೋಡುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫಾಯಿಲ್ ಇರುವ ವಿಂಡ್‌ಸರ್ಫಿಂಗ್, ಕೈಟ್ ಸ್ಪರ್ಧೆಗಳು ನಡೆದ ಮೇಲೆ ಆಸೆ ಇನ್ನೂ ಜಾಸ್ತಿ. "ರಜೆಗೆ ಬರುವಾಗ ಒಂದು ತನ್ನಿ" ಎಂದು ತಮ್ಮ ಅಣ್ಣನಿಗೆ ಹೇಳುತ್ತಾನೆ. ಆದರೆ ಇದು ಶೂ ತಂದ ಹಾಗಲ್ಲ. ಒಳ್ಳೆಯ ಕಾರ್ಬನ್ ಸೆಟ್ಟಿಗೆ ಲಕ್ಷ ರೂಪಾಯಿ ದಾಟುತ್ತದೆ. ತಪ್ಪು ರೆಕ್ಕೆ ಬಂದರೆ ದುಡ್ಡೂ ಹೋಯಿತು, ಬಿದ್ದರೆ ಮೈಯೂ ಕೊಯ್ಯಿತು. ಆದ್ದರಿಂದ ಮುಂದಿನ ರೆಕ್ಕೆಯನ್ನು ಆರಿಸುವುದು ಹೇಗೆ ಎಂದು ಈ ವಾರ ನೋಡೋಣ.

ಎತ್ತುವುದು ಯಾವುದು?

ಫಾಯಿಲ್‌ನಲ್ಲಿ ನಾಲ್ಕು ಭಾಗ ಉಂಟು. ಹಲಗೆಯ ಅಡಿಗೆ ಬೋಲ್ಟ್ ಹಾಕಿ ನಿಲ್ಲಿಸುವ ಕಂಬ ಮಾಸ್ಟ್; ಸಾಮಾನ್ಯವಾಗಿ 70ರಿಂದ 85 ಸೆಂ.ಮೀ. ಉದ್ದ. ಅದರ ಬುಡದಲ್ಲಿ ಮಲಗಿಸಿದ ದಂಡ ಫ್ಯೂಸಲೇಜ್. ದಂಡದ ಹಿಂಬದಿಯಲ್ಲಿ ಸಣ್ಣ ರೆಕ್ಕೆ, ಮುಂಬದಿಯಲ್ಲಿ ದೊಡ್ಡ ರೆಕ್ಕೆ. ಹಿಂದಿನದು ಸಮತೋಲ ಕಾಯುತ್ತದೆ, ಮುಂದಿನದು ಆಳನ್ನು ಎತ್ತುತ್ತದೆ. ಕೆಲಸ ವಿಮಾನದ ರೆಕ್ಕೆಯದ್ದೇ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದ್ದರಿಂದ ಇಲ್ಲಿ ಅಷ್ಟು ದೊಡ್ಡ ರೆಕ್ಕೆ ಬೇಡ. 1500 ಚದರ ಸೆಂ.ಮೀ., ಅಂದರೆ ಎರಡೂವರೆ ಎ4 ಹಾಳೆಯಷ್ಟು ಜಾಗ ಒಬ್ಬ ಗಂಡಸನ್ನು ಎತ್ತಲು ಸಾಕು.

ಎತ್ತುವ ಬಲ ಎರಡು ಸಂಗತಿಗಳಿಂದ ಬರುತ್ತದೆ: ರೆಕ್ಕೆಯ ವಿಸ್ತೀರ್ಣ ಮತ್ತು ವೇಗ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಇದನ್ನೇ ತಿರುಗಿಸಿ ನೋಡಿ. 1500ರ ರೆಕ್ಕೆ ಗಂಟೆಗೆ 14 ಕಿ.ಮೀ. ವೇಗದಲ್ಲಿ ಒಬ್ಬನನ್ನು ಎತ್ತುತ್ತದೆ ಎಂದಿಟ್ಟುಕೊಳ್ಳಿ. ಅದೇ ಆಕಾರದ 750ರ ರೆಕ್ಕೆ ಅವನನ್ನು ಎತ್ತಬೇಕಾದರೆ ಸುಮಾರು 20 ಕಿ.ಮೀ. ವೇಗ ಬೇಕು. ಕಲಿಯುವವನಿಗೆ ಆ ವೇಗ ಎಲ್ಲಿಂದ ಬರಬೇಕು? ಅವನು ಹಲಗೆಯ ಮೇಲೆ ನೆಟ್ಟಗೆ ನಿಲ್ಲುವುದನ್ನೇ ಇನ್ನೂ ಕಲಿತಿಲ್ಲ.

ತೂಕದ ಲೆಕ್ಕವೂ ಇಷ್ಟೇ ಸರಳ. 60 ಕಿಲೋದ ತಮ್ಮನಿಗೆ 1000 ಸರಿಯಾದರೆ, 90 ಕಿಲೋದ ಅಣ್ಣನಿಗೆ ಅದೇ ವೇಗದಲ್ಲಿ ಏಳಲು 1500 ಬೇಕು. ಅಣ್ಣ ದುಬೈಯಲ್ಲಿ ಪ್ರಯತ್ನಿಸಿ "ಇದು ಒಳ್ಳೆಯದುಂಟು" ಎಂದ ರೆಕ್ಕೆ ತಮ್ಮನಿಗೆ ಸರಿಹೊಂದಬೇಕೆಂದಿಲ್ಲ. ಹಗುರ ಆಳಿಗೆ ತೀರಾ ದೊಡ್ಡ ರೆಕ್ಕೆ ಕೊಟ್ಟರೆ ವೇಗ ಬಂದ ಕೂಡಲೇ ಅದು ಮೇಲೆ ಮೇಲೆ ಏಳುತ್ತದೆ, ನೀರಿನಿಂದ ಹೊರಬಂದು ಧೊಪ್ಪನೆ ಬೀಳಿಸುತ್ತದೆ.

ಉದ್ದ ರೆಕ್ಕೆ, ಗಿಡ್ಡ ರೆಕ್ಕೆ

ವಿಸ್ತೀರ್ಣ ಒಂದೇ ಇದ್ದರೂ ಆಕಾರ ಬೇರೆ ಇರುತ್ತದೆ. ಇದನ್ನು ಅಳೆಯುವುದು ಆಸ್ಪೆಕ್ಟ್ ರೇಶಿಯೋ ಎಂಬ ಸಂಖ್ಯೆಯಿಂದ. ರೆಕ್ಕೆಯ ತುದಿಯಿಂದ ತುದಿಗಿನ ಉದ್ದವನ್ನು ಅದೇ ಉದ್ದದಿಂದ ಗುಣಿಸಿ, ವಿಸ್ತೀರ್ಣದಿಂದ ಭಾಗಿಸಿದರೆ ಆಯ್ತು. 1000 ಚದರ ಸೆಂ.ಮೀ.ನ ರೆಕ್ಕೆ 70 ಸೆಂ.ಮೀ. ಉದ್ದವಿದ್ದರೆ ಉತ್ತರ 4.9. ಅದೇ 110 ಸೆಂ.ಮೀ. ಇದ್ದರೆ 12.1.

ಸಂಖ್ಯೆ ಕಡಿಮೆ ಇರುವ ಗಿಡ್ಡ, ಅಗಲ ರೆಕ್ಕೆ ನಿಧಾನ ವೇಗದಲ್ಲೂ ಕೈಬಿಡುವುದಿಲ್ಲ, ಸುಲಭವಾಗಿ ತಿರುಗುತ್ತದೆ, ಸಣ್ಣಪುಟ್ಟ ತಪ್ಪನ್ನು ತಡೆದುಕೊಳ್ಳುತ್ತದೆ. ಆದರೆ ನೀರಿನ ಎಳೆತ ಜಾಸ್ತಿ, ಬೇಗ ನಿಂತುಬಿಡುತ್ತದೆ. ಸಂಖ್ಯೆ ಹೆಚ್ಚಿರುವ ಉದ್ದ, ಸಪೂರ ರೆಕ್ಕೆ ಒಮ್ಮೆ ಎದ್ದರೆ ಬಹಳ ದೂರ ಜಾರಿಕೊಂಡು ಹೋಗುತ್ತದೆ. ಆದರೆ ವೇಗ ಕಡಿಮೆಯಾದರೆ ಹೇಳದೆ ಕೇಳದೆ ಕೈಕೊಡುತ್ತದೆ. ತಿರುಗುವುದೂ ನಿಧಾನ.

ಆಟ ಮೂರು, ರೆಕ್ಕೆ ಬೇರೆ ಬೇರೆ

ಮೊದಲನೆಯದು ತೆರೆಯ ಮೇಲಿನ ಸರ್ಫಿಂಗ್. ಇಲ್ಲಿ ತಳ್ಳುವ ಶಕ್ತಿ ತೆರೆಯದ್ದೇ. ಹಾಗಾಗಿ ಕಲಿತವರು 700ರಿಂದ 1100ರೊಳಗಿನ, ಚುರುಕಾಗಿ ತಿರುಗುವ ಮಧ್ಯಮ ಆಕಾರದ ರೆಕ್ಕೆ ಬಳಸುತ್ತಾರೆ. ಒಂದು ತೆರೆ ಮುಗಿದ ಮೇಲೆ ಕಾಲಿನಿಂದ ಹಲಗೆಯನ್ನು ಒತ್ತಿ ಒತ್ತಿ ಮುಂದಿನ ತೆರೆಗೆ ಹೋಗಬೇಕೆನ್ನುವವರಿಗೆ ಇನ್ನೂ ಸ್ವಲ್ಪ ಉದ್ದದ್ದು ಒಳ್ಳೆಯದು.

ಎರಡನೆಯದು ವಿಂಗಿಂಗ್. ಇಲ್ಲಿ ಗೊಂದಲ ಬೇಡ: ಕೈಯಲ್ಲಿ ಹಿಡಿಯುವ ರೆಕ್ಕೆ ಬೇರೆ, ನೀರಿನಡಿಯದ್ದು ಬೇರೆ. ಕೈಯದ್ದನ್ನು ಚದರ ಮೀಟರ್‌ನಲ್ಲಿ ಅಳೆಯುತ್ತಾರೆ, ಅಡಿಯದ್ದನ್ನು ಚದರ ಸೆಂ.ಮೀ.ನಲ್ಲಿ. 75 ಕಿಲೋ ಆಸುಪಾಸಿನ ಹೊಸಬರು ಅಡಿಗೆ 1500ರಿಂದ 2000ದ ರೆಕ್ಕೆ ಹಾಕಿಕೊಂಡರೆ ಸಾಧಾರಣ ಗಾಳಿಯಲ್ಲೂ ಏಳಬಹುದು. ಗಲ್ಫ್‌ನಲ್ಲಿ ಶಮಾಲ್ ಗಾಳಿ ಬೀಸುವ ದಿನ ನುರಿತವರು ಸಣ್ಣ ರೆಕ್ಕೆಯಲ್ಲಿ ಹಾರುವುದನ್ನು ನೋಡಿ ಅದನ್ನೇ ಊರಿಗೆ ತಂದರೆ, ಇಲ್ಲಿನ ಮಧ್ಯಾಹ್ನದ ಕಡಲಗಾಳಿಗೆ ಅದು ಏಳದೆ ಇರಬಹುದು.

ಮೂರನೆಯದು ಡೌನ್‌ವಿಂಡ್. ಗಾಳಿ ಎಬ್ಬಿಸಿದ ಅಲೆಗಳ ಬೆನ್ನ ಮೇಲೆ, ಒಂದರಿಂದ ಇನ್ನೊಂದಕ್ಕೆ ಜಾರುತ್ತಾ ಮೈಲುಗಟ್ಟಲೆ ಹೋಗುವುದು. ಇದರ ತವರು ಹವಾಯಿ. ಅಲ್ಲಿ ಮಾಯಿ ದ್ವೀಪದ ಮಾಲಿಕೋ ದಾರಿ ಪ್ರಸಿದ್ಧ. ಮೊಲೊಕಾಯಿಯಿಂದ ಒವಾಹುವಿಗೆ 32 ಮೈಲಿ ಕಡಲು ದಾಟುವ ಸ್ಪರ್ಧೆಯೂ ಉಂಟು. ಇಲ್ಲಿ ಬೇಕಾದದ್ದು ಜಾರುವ ಗುಣ. ಆದ್ದರಿಂದ 900ರಿಂದ 1200ರ, ಆಸ್ಪೆಕ್ಟ್ ರೇಶಿಯೋ 10ರ ಮೇಲಿನ ಸಪೂರ ರೆಕ್ಕೆ. ಜೊತೆಗೆ ಬೇಗ ವೇಗ ಹಿಡಿಯುವ ಉದ್ದ, ಇಕ್ಕಟ್ಟು ಹಲಗೆ. ವೀಡಿಯೋದಲ್ಲಿ ಎಲ್ಲಕ್ಕಿಂತ ಚಂದ ಕಾಣುವುದೂ ಇದೇ, ಹೊಸಬರಿಗೆ ಎಲ್ಲಕ್ಕಿಂತ ಕಷ್ಟವೂ ಇದೇ.

ನಮ್ಮ ಕಡಲಿನಲ್ಲಿ

ನಮ್ಮ ಕರಾವಳಿಯಲ್ಲಿ ದಡದ ಹತ್ತಿರವೇ ಮರಳ ದಿಬ್ಬ, ಅಲ್ಲೇ ಒಡೆಯುವ ತೆರೆ. ಮಾಸ್ಟ್, ರೆಕ್ಕೆ ಸೇರಿ ನೀರಿನೊಳಗೆ ಮುಕ್ಕಾಲು ಮೀಟರ್‌ಗಿಂತ ಹೆಚ್ಚು ಇಳಿದಿರುತ್ತದೆ. ಸೊಂಟಮಟ್ಟದ ನೀರೂ ಸಾಲದು. ದಿಬ್ಬಕ್ಕೆ ತಾಗಿದರೆ ಹಲಗೆ ನಿಲ್ಲುತ್ತದೆ, ಆಳು ಮುಂದಕ್ಕೆ ಹಾರುತ್ತಾನೆ. ಕೈರಂಪಣಿ ಬಲೆ ಎಳೆಯುವ ಜಾಗ, ಮಕ್ಕಳು ಈಜುವ ಜಾಗದ ಹತ್ತಿರವೂ ಹೋಗಬಾರದು. ರೆಕ್ಕೆಯ ಅಂಚು ಚೂರಿಯಷ್ಟೇ ಹರಿತ. ಬಲೆ ಹರಿಯುತ್ತದೆ, ಚರ್ಮವೂ ಹರಿಯುತ್ತದೆ. ಸಸಿಹಿತ್ಲಿನಂತಹ ಅಳಿವೆಯ ಬಾಯಿಯಲ್ಲಿ ಇಳಿತದ ಹೊತ್ತು ನೀರು ಹೊರಗೆ ಎಳೆಯುತ್ತದೆ. ಮಳೆಗಾಲದ ಕಡಲಿನ ಬಗ್ಗೆ ನಾವು ಹೇಳಬೇಕಾಗಿಲ್ಲ; ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರ ತನಕ ದಡದಲ್ಲಿರುತ್ತವೆ.

ಹೆಲ್ಮೆಟ್, ಎದೆ ಪಕ್ಕೆ ಕಾಯುವ ಇಂಪ್ಯಾಕ್ಟ್ ಜಾಕೆಟ್ ಇಲ್ಲದೆ ನೀರಿಗಿಳಿಯುವುದು ಬೇಡ. ಬೀಳುವಾಗ ಹಲಗೆಯಿಂದ ದೂರ ಹಾರಿ ಬೀಳಬೇಕು. ಮುಳುಗಿದವನು ಮೇಲೆ ಬರುವಾಗ ಕೈಯಿಂದ ತಲೆ ಮುಚ್ಚಿಕೊಳ್ಳಬೇಕು. ಡೌನ್‌ವಿಂಡ್‌ಗೆ ಒಬ್ಬನೇ ಹೋಗಲೇಬಾರದು.

ಖರೀದಿಗೆ ಮುನ್ನ

ರೆಕ್ಕೆಯ ಮೇಲಿನ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಆರ್ಮ್‌ಸ್ಟ್ರಾಂಗ್ ಕಂಪೆನಿಯ ಸಂಖ್ಯೆ ವಿಸ್ತೀರ್ಣವನ್ನು ಹೇಳುತ್ತದೆ. ಆಕ್ಸಿಸ್ ಕಂಪೆನಿಯದ್ದು ಹೆಚ್ಚಾಗಿ ಮಿಲಿಮೀಟರ್‌ನಲ್ಲಿ ಉದ್ದವನ್ನು ಹೇಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಒಂದು ಕಂಪೆನಿಯ ರೆಕ್ಕೆ ಸಾಮಾನ್ಯವಾಗಿ ಇನ್ನೊಂದರ ದಂಡಕ್ಕೆ ಕೂರುವುದಿಲ್ಲ. ಹಾಗಾಗಿ ಮುಂದೆ ಬೇರೆ ಅಳತೆಯ ರೆಕ್ಕೆ ಸಿಗುವಂತಹ ಕಂಪೆನಿಯ ಸೆಟ್ ತೆಗೆದುಕೊಳ್ಳುವುದೇ ಲಾಭ.

ಗಲ್ಫ್‌ನಲ್ಲಿ ಬಳಸಿದ ಮಾಲು ಅಗ್ಗಕ್ಕೆ ಸಿಕ್ಕಿದರೆ ತಪ್ಪೇನಿಲ್ಲ. ಹೊಸಬರು ಹೇಗೂ ಮೊದಲ ದೊಡ್ಡ ರೆಕ್ಕೆಯನ್ನು ಕೆಲವು ತಿಂಗಳಲ್ಲಿ ಬದಲಿಸುತ್ತಾರೆ. ಆದರೆ ರೆಕ್ಕೆಯ ಹಿಂಬದಿಯ ತೆಳು ಅಂಚು ಒಡೆದಿದೆಯೇ, ಬೋಲ್ಟ್ ತೂತಿನ ಸುತ್ತ ಬಿರುಕುಂಟೋ ನೋಡಿ. ಬೋಲ್ಟ್‌ಗಳನ್ನು ಬಿಚ್ಚಿಸಿಯೇ ನೋಡಿ. ಅಲ್ಯೂಮಿನಿಯಂ ಮಾಸ್ಟ್‌ನಲ್ಲಿ ಸ್ಟೀಲ್ ಬೋಲ್ಟ್ ಉಪ್ಪುನೀರಿಗೆ ಹಿಡಿದುಕೊಂಡು ಕೂತಿದ್ದರೆ ಮತ್ತೆ ಬರಲಿಕ್ಕಿಲ್ಲ. ಮನೆಗೆ ತಂದ ಮೇಲೂ ಪ್ರತಿಸಲ ಸಿಹಿನೀರಿನಲ್ಲಿ ತೊಳೆದು, ಬಿಚ್ಚಿ, ಬೋಲ್ಟಿಗೆ ಗ್ರೀಸ್ ಹಚ್ಚಬೇಕು. ಒಂದು ಮೀಟರ್ ಉದ್ದದ ರೆಕ್ಕೆ ಸೂಟ್‌ಕೇಸಿಗೆ ಹೋಗುವುದಿಲ್ಲ. ಟಿಕೆಟ್ ಮಾಡುವಾಗಲೇ ವಿಮಾನ ಕಂಪೆನಿಯಲ್ಲಿ ಲಗೇಜಿನ ಅಳತೆ ಕೇಳಿಟ್ಟುಕೊಳ್ಳಿ.

ಊರಿನಿಂದ ಫೋನ್ ಬಂದಾಗ ಅಣ್ಣ ಕೇಳಬೇಕಾದ ಪ್ರಶ್ನೆ "ಯಾವ ಕಂಪೆನಿದು ಬೇಕು?" ಎಂದಲ್ಲ. ನಿನ್ನ ತೂಕ ಎಷ್ಟು, ತೆರೆಗೋ ಗಾಳಿಗೋ, ಇಳಿಯುವುದು ಯಾವ ದಡದಲ್ಲಿ, ಜೊತೆಗೆ ಕಲಿಸುವವರು ಯಾರಿದ್ದಾರೆ? ಈ ನಾಲ್ಕಕ್ಕೆ ಉತ್ತರ ಸಿಕ್ಕಿದ ಮೇಲೆ ಅಂಗಡಿಗೆ ಹೋಗಲಿ. ಉತ್ತರ ಇಲ್ಲವೆಂದಾದರೆ, ಆ ದುಡ್ಡಿನಲ್ಲಿ ಸ್ವಲ್ಪ ತೆಗೆದು ತಮ್ಮನನ್ನು ಮೊದಲು ಸರ್ಫಿಂಗ್ ಶಾಲೆಗೆ ಸೇರಿಸಲಿ.