ನೇರಳೆ ಮುಚ್ಚಳದ ಟ್ಯೂಬು: ಸಿಸ್ಟರ್ ಕೈಯ ಜವಾಬ್ದಾರಿ!

ಮಂಗಳೂರು: ಬ್ಲಡ್ ಕ್ಯಾನ್ಸರ್ ಎಂದ ಕೂಡಲೇ ನಮ್ಮ ಊರಿನಲ್ಲಿ ಜನ ದನಿ ತಗ್ಗಿಸುತ್ತಾರೆ. ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದು ಹೋದ ಮೇಲೆ "ಅವರು ಎಂತ ಹೇಳಿದ್ದು ಸಿಸ್ಟರ್?" ಎಂದು ಮನೆಯವರು ಕೇಳುವುದು ದಾದಿಯಲ್ಲಿ. ಆದ್ದರಿಂದ ಇಂದು ಡಾಕ್ಟರರನ್ನು ಬಿಟ್ಟು ದಾದಿಯರ ಕೆಲಸದ ಬಗ್ಗೆ ಬರೆಯುವುದು ನ್ಯಾಯ.

ರಕ್ತದ ಕ್ಯಾನ್ಸರಿಗೆ ಈಗ ಸೂಕ್ಷ್ಮದರ್ಶಕ ಒಂದೇ ಸಾಲದು, ಜೀನ್ ಪರೀಕ್ಷೆಯೂ ಆಗಬೇಕು. ಸಿ.ಎಂ.ಎಲ್. ಎಂಬ ಕಾಯಿಲೆಯನ್ನೇ ತೆಗೆದುಕೊಳ್ಳಿ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಇಬ್ಬರು ವಿಜ್ಞಾನಿಗಳು ಈ ರೋಗಿಗಳ ರಕ್ತದಲ್ಲಿ ಗಿಡ್ಡವಾದ ಒಂದು ಕ್ರೋಮೋಸೋಮು ಕಂಡರು. 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲು ಬದಲಾಗಿವೆ ಎಂದು 1973ರಲ್ಲಿ ತೋರಿಸಿದ್ದು ಜಾನೆಟ್ ರೌಲಿ ಎಂಬ ಮಹಿಳೆ. ಹಾಗೆ ಅಂಟಿಕೊಂಡಲ್ಲಿ ಹುಟ್ಟುವ ಜೀನಿಗೆ ಬಿ.ಸಿ.ಆರ್.-ಎ.ಬಿ.ಎಲ್. ಎಂದು ಹೆಸರು. ಅದರ ಆಟ ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕ 2001ರಲ್ಲಿ ಒಪ್ಪಿಗೆ ಕೊಟ್ಟಿತು. ಸ್ವಿಸ್ ಕಂಪೆನಿ ನೊವಾರ್ಟಿಸ್‌ನ ಪೇಟೆಂಟ್ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದರಿಂದ ಇಲ್ಲಿನ ಕಂಪೆನಿಗಳ ಅಗ್ಗದ ಮಾತ್ರೆ ಬಡವರಿಗೆ ಉಳಿಯಿತು.

ಆದರೆ ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ಮೊದಮೊದಲು ಮೂರು ತಿಂಗಳಿಗೊಮ್ಮೆ ಜೀನ್ ಪರೀಕ್ಷೆಯಾಗಬೇಕು. ಅಂಗಡಿಯವರ ಭಾಷೆಯಲ್ಲಿ ಇದು ಸ್ಟಾಕ್ ಲೆಕ್ಕ. ಕೆಟ್ಟ ಮಾಲು ಎಷ್ಟು ಉಳಿದಿದೆ ಎಂಬ ಲೆಕ್ಕ.

ಈ ಲೆಕ್ಕ ಹಾಸಿಗೆ ಪಕ್ಕದಲ್ಲೇ ತಪ್ಪಬಹುದು. ಇದಕ್ಕೆ ನೇರಳೆ ಮುಚ್ಚಳದ ಇ.ಡಿ.ಟಿ.ಎ. ಟ್ಯೂಬು ಬೇಕು. ಹಸಿರು ಮುಚ್ಚಳದ್ದರಲ್ಲಿ ಹೆಪಾರಿನ್ ಇರುತ್ತದೆ. ಕ್ರೋಮೋಸೋಮು ನೋಡುವ ಪರೀಕ್ಷೆಗೆ ಅದೇ ಬೇಕು, ಜೀನಿನ ಪಿ.ಸಿ.ಆರ್. ಪರೀಕ್ಷೆಗೆ ಅದೇ ಅಡ್ಡಿ! ರಕ್ತ ತುಂಬಿದ ಮೇಲೆ ಟ್ಯೂಬನ್ನು ಎಂಟು-ಹತ್ತು ಸಲ ಮೆಲ್ಲ ತಲೆಕೆಳಗೆ ಮಾಡಬೇಕು, ಸೋಡಾ ಬಾಟ್ಲಿಯಂತೆ ಕುಲುಕಬಾರದು. ಚೀಟಿಯನ್ನು ರೋಗಿಯ ಎದುರಿನಲ್ಲೇ, ಹೆಸರು ಮತ್ತು ಆಸ್ಪತ್ರೆ ನಂಬ್ರ ಎರಡನ್ನೂ ತಾಳೆ ನೋಡಿ ಅಂಟಿಸಬೇಕು. ಒಂದೇ ವಾರ್ಡಿನಲ್ಲಿ ಮೂವರು ಶೆಟ್ರು, ನಾಲ್ವರು ಡಿಸೋಜರು ಇರುವ ಊರು ಮಾರಾಯ್ರೇ ಇದು.

ಇನ್ನು ಸಮಯದ ಮಾತು. ಇಲ್ಲಿ ಅಳೆಯುವುದು ಆರ್.ಎನ್.ಎ. ಎಂಬ ವಸ್ತುವನ್ನು. ಅದು ಬಂಗುಡೆಯ ಹಾಗೆ ಬೇಗ ಹಾಳಾಗುತ್ತದೆ, ಆದರೆ ಮೀನಿನಂತೆ ಐಸುಗಟ್ಟಿಸುವಂತಿಲ್ಲ, ರಕ್ತಕಣ ಒಡೆಯುತ್ತದೆ. ಒಂದೆರಡು ದಿನದೊಳಗೆ ಲ್ಯಾಬು ಮುಟ್ಟಬೇಕು. ಬೆಂಗಳೂರಿಗೆ ಕಳುಹಿಸುವುದಾದರೆ ಶನಿವಾರ ಮಧ್ಯಾಹ್ನ ರಕ್ತ ತೆಗೆದು ಏನು ಪ್ರಯೋಜನ? ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಪಾರ್ಸೆಲಿನ ಗತಿ ಏನೆಂದು ಬಸ್ಸಿನಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ. ಕೊರಿಯರಿನ ಹೊತ್ತು ನೋಡಿ ರೋಗಿಗೆ ದಿನ ಗೊತ್ತುಮಾಡುವುದೂ ಒಳ್ಳೆಯ ದಾದಿಯ ಕೆಲಸ. ಸ್ಯಾಂಪಲ್ ಹಾಳಾದರೆ ಸುಳ್ಯದಿಂದಲೋ ಕಾಸರಗೋಡಿನಿಂದಲೋ ಬಂದವರು ಮತ್ತೆ ಬಸ್ಸು ಹತ್ತಬೇಕು, ದಿನದ ಸಂಬಳ ಹೋಯಿತು. ಮಜ್ಜೆಯ ಸ್ಯಾಂಪಲ್ ಆದರೆ ಸೊಂಟದ ಎಲುಬಿಗೆ ಇನ್ನೊಮ್ಮೆ ಸೂಜಿ!

"ಜೀನ್" ಎಂಬ ಶಬ್ದ ಕೇಳಿದ ಕೂಡಲೇ ಬರುವ ಪ್ರಶ್ನೆ ಒಂದೇ: "ಇದು ಮಕ್ಕಳಿಗೂ ಬರ್ತದಾ ಸಿಸ್ಟರ್?" ಸಿ.ಎಂ.ಎಲ್.ನ ದೋಷ ಹುಟ್ಟಿದ ಮೇಲೆ ಮಜ್ಜೆಯ ಒಂದು ಜೀವಕೋಶದಲ್ಲಿ ಆದದ್ದು. ಅದು ಮಕ್ಕಳಕಟ್ಟಿಗೂ ಹೋಗುವುದಿಲ್ಲ, ಅಳಿಯಕಟ್ಟಿಗೂ ಹೋಗುವುದಿಲ್ಲ. ಮಗಳ ಸಂಬಂಧ ತಪ್ಪೀತೆಂದು ರಿಪೋರ್ಟು ಬಚ್ಚಿಡುವವರು ಇದನ್ನು ಗಮನಿಸಬೇಕು. ಬೇರೆ ಕೆಲವು ರಕ್ತದ ಕ್ಯಾನ್ಸರುಗಳಲ್ಲಿ ಕೆಲವರಿಗೆ ವಂಶದ ದೋಷವೂ ಇರುವುದುಂಟು. ಮನೆಯಲ್ಲಿ ಯಾರಿಗೆಲ್ಲ ಏನೇನು ಇತ್ತು ಎಂದು ದಾದಿ ಕೇಳುವುದು ಅದಕ್ಕೇ ಹೊರತು ಬಾಯಿಚಪಲಕ್ಕಲ್ಲ.

ಪಾಪ, ಎಷ್ಟೋ ಸಿಸ್ಟರುಗಳು ಕೇರಳದವರು. ರೋಗಿಯದ್ದು ತುಳು ಅಥವಾ ಬ್ಯಾರಿ. ಹಾಗಿದ್ದೂ "ಮಾತ್ರೆ ಬಿಟ್ಟಿದ್ದೀರಾ?" ಎಂದು ಕೇಳಿ ನಿಜ ಹೊರಡಿಸುವವರು ಅವರೇ. ಹುಷಾರಾಯಿತೆಂದು ತಾವಾಗಿಯೇ ಮಾತ್ರೆ ಬಿಟ್ಟವರು ಡಾಕ್ಟರರ ಎದುರು ಬಾಯಿ ಬಿಡುವುದಿಲ್ಲ. ಇಂತಹ ವಾರ್ಡಿನಲ್ಲಿ ಪಳಗಿದ ದಾದಿಯರನ್ನು ಸುಮ್ಮನೆ ಬೇರೆ ಕಡೆ ಹಾಕುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಪರೀಕ್ಷೆಗೆ ಹೋಗುವವರು ಹಳೇ ರಿಪೋರ್ಟುಗಳನ್ನೂ ಜತೆಗೆ ಒಯ್ಯಿರಿ, ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಅಂತಾರಾಷ್ಟ್ರೀಯ ಅಳತೆಯಲ್ಲಿ ಶೇಕಡಾ 0.1 ಅಥವಾ ಅದಕ್ಕಿಂತ ಕೆಳಗೆ ಬಂದಿದ್ದರೆ ಮಾತ್ರೆ ಚೆನ್ನಾಗಿ ಹಿಡಿದಿದೆ ಎಂದು ಲೆಕ್ಕ. ಅಂಕಿ ಏರಿದ್ದರೆ ಡಾಕ್ಟರು ಮೊದಲು ವಿಚಾರಿಸುವುದು ಮಾತ್ರೆ ಸರಿಯಾಗಿ ತೆಗೆದುಕೊಂಡಿದ್ದೀರಾ ಎಂದೇ.